ಟರ್ಮಿನಲ್ ಕಳಚುವ ಚಾಳಿ

ಹಳೆಯ ಕಾರು ಬೆಳಗ್ಗೆ ಸ್ಟಾರ್ಟ್ ಆಗದಿದ್ದರೆ ಮುಂಬೈಯ ಜೋಗೇಶ್ವರಿಯಲ್ಲಿ ಮೊದಲು ಸಿಗುವ ತೀರ್ಪು, ‘ಬ್ಯಾಟರಿ ಹೋಗಿದೆ’. ಎಸ್.ವಿ. ರಸ್ತೆಯಲ್ಲಿ, ಓಶಿವರಾದ ಫರ್ನಿಚರ್ ಅಂಗಡಿಗಳ ಆಸುಪಾಸಿನಲ್ಲಿ ಕೆಲಸ ಮಾಡುವ ಎಲೆಕ್ಟ್ರಿಷಿಯನ್‌ಗಳ ಕೈಚಳಕ ನನಗೆ ಇಷ್ಟ. ಅವರ ತಪಾಸಣೆಯ ಬಗ್ಗೆ ಮಾತ್ರ ಜಗಳವಿದೆ.

ಈ ವಿದ್ಯೆ ಕುದುರಿದ್ದು ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯಟ್, ಪ್ರೀಮಿಯರ್ ಪದ್ಮಿನಿಗಳ ಮೇಲೆ. ಪಾಯಿಂಟ್, ಕಂಡೆನ್ಸರ್, ಕಾಯಿಲ್ ಎಲ್ಲವೂ ಕಣ್ಣಿಗೆ ಕಾಣುವಂತಿದ್ದವು; ಪಾಯಿಂಟ್ ಸುಟ್ಟಿದ್ದರೆ ಕಾಗದದಷ್ಟು ತೆಳು ಅರ ಸಾಕಿತ್ತು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಚಾಳಿಗಳು ಬಿಟ್ಟಿಲ್ಲ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಹೆಡ್‌ಲೈಟ್ ಹಾಕಿ ಕೀ ತಿರುಗಿಸುವ ಪರೀಕ್ಷೆ ಕಾಸು ಖರ್ಚಿಲ್ಲದ್ದು, ಬಲು ಜಾಣತನದ್ದು. ಬೆಳಕು ಪೂರಾ ಕುಗ್ಗಿದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್ ಮೇಲೆ ಗುಮಾನಿ. ಬೆಳಕು ಅಲುಗದೆ ಸದ್ದೂ ಬರದಿದ್ದರೆ ಸೆಲ್ಫ್‌ಗೆ, ಅಂದರೆ ಸ್ಟಾರ್ಟರ್ ಮೋಟಾರಿಗೆ, ಕರೆಂಟೇ ಹೋಗುತ್ತಿಲ್ಲ, ಕೀ ಸ್ವಿಚ್ ಮತ್ತು ಸೊಲೆನಾಯ್ಡ್ ನೋಡಬೇಕು. ಇಷ್ಟನ್ನು ಟೆಸ್ಟ್ ಲ್ಯಾಂಪ್ ಹಿಡಿದ ಹುಡುಗ ನಿಮಿಷದಲ್ಲಿ ಹೇಳುತ್ತಾನೆ.

ಎಡವುವುದು ಇದರ ನಂತರ. ‘ಟಕ್’ ಎಂದು ಸದ್ದಾಗಿ ಸೆಲ್ಫ್ ತಿರುಗದಿದ್ದಾಗ ಹೊಸ ಬ್ಯಾಟರಿಯ ಮಾತು ಬರುತ್ತದೆ. ಮುಂಬೈಯ ಮಳೆ, ಉಪ್ಪುಗಾಳಿಗೆ ಹತ್ತಿಪ್ಪತ್ತು ವರ್ಷ ಒಡ್ಡಿಕೊಂಡ ಮಾರುತಿ 800ರಲ್ಲಿ ಕಳ್ಳ ಬೇರೆ ಕಡೆಯೂ ಇರುತ್ತಾನೆ. ಬ್ಯಾಟರಿಯ ಮೈನಸ್‌ನಿಂದ ಬಾಡಿಗೆ, ಗೇರ್‌ಬಾಕ್ಸಿಗೆ ಹೋಗುವ ಅರ್ಥಿಂಗ್ ಪಟ್ಟಿಯ ಬೋಲ್ಟಿನಡಿ ತುಕ್ಕು ಕೂತಿರುತ್ತದೆ. ಟೆಸ್ಟ್ ಲ್ಯಾಂಪಿನ ಚಿಕ್ಕ ಬಲ್ಬಿಗೆ ಈ ತುಕ್ಕು ತಡೆಯೇ ಅಲ್ಲ. ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುವ ಸೆಲ್ಫ್‌ಗೆ ಅದೇ ಗೋಡೆ. ಮಲ್ಟಿಮೀಟರಿನ ಒಂದು ಕಡ್ಡಿ ಎಂಜಿನ್ನಿಗೆ, ಇನ್ನೊಂದು ಬ್ಯಾಟರಿಯ ಮೈನಸ್‌ಗೆ ಹಿಡಿದು ಕೀ ತಿರುಗಿಸಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಬಾರದು. ತೋರಿದರೆ ಸ್ಪ್ಯಾನರ್, ಮರಳು ಕಾಗದ, ಗ್ರೀಸ್ ಸಾಕು. ಕೀ ತಿರುಗಿಸುವಾಗ ಬ್ಯಾಟರಿಯ ಎರಡು ಕಂಬಗಳ ನಡುವೆಯೇ ಒಂಬತ್ತೂವರೆ ವೋಲ್ಟಿಗಿಂತ ಕೆಳಗೆ ಬಿದ್ದರೆ ಆಗ ಬ್ಯಾಟರಿಯನ್ನು ದೂರಿ.

ಇದಕ್ಕಿಂತ ನನಗೆ ಸಿಟ್ಟು ಬರಿಸುವುದು, ಎಂಜಿನ್ ಓಡುತ್ತಿರುವಾಗಲೇ ಟರ್ಮಿನಲ್ ಕಳಚಿ ‘ಚಾರ್ಜಿಂಗ್ ಇದೆ’ ಎಂದು ಘೋಷಿಸುವುದು. ಡೈನಮೋ ಕಾಲದಲ್ಲಿ ಅದು ನಡೆಯುತ್ತಿತ್ತು. ಆಲ್ಟರ್ನೇಟರ್‌ನ ವೋಲ್ಟೇಜ್ ಮಾತ್ರ ಆ ಕ್ಷಣದಲ್ಲಿ ಹಾರಿ ಅದರದೇ ಡಯೋಡುಗಳನ್ನು, ಎಂಪಿಎಫ್‌ಐ (ಇಂಧನ ಇಂಜೆಕ್ಷನ್) ಗಾಡಿಯಾದರೆ ಅದರ ಕಂಪ್ಯೂಟರಾದ ಇಸಿಯುವನ್ನೂ ಸುಡಬಲ್ಲದು. ಬ್ಯಾಟರಿ ಕಳಚದೆಯೇ ಮೀಟರ್ ಇಟ್ಟು 13.8ರಿಂದ 14.4 ವೋಲ್ಟ್ ಇದೆಯೇ ಎಂದು ನೋಡುವುದು ಅದಕ್ಕಿಂತ ಸುಲಭ. ಗಿರಾಕಿಯ ಎದುರು ಕಿಡಿ ಹಾರಿಸುವ ಠೀವಿ ಅದರಲ್ಲಿ ಇಲ್ಲ, ಅಷ್ಟೇ.

ರಾತ್ರಿ ನಿಂತಲ್ಲೇ ಬ್ಯಾಟರಿ ಖಾಲಿಯಾಗುವ ರೋಗಕ್ಕಂತೂ ಇಲ್ಲಿ ವೈದ್ಯರೇ ಕಡಿಮೆ. ಆಮೇಲೆ ಹಾಕಿಸಿದ ಸ್ಟೀರಿಯೊ ಒಂದು ಆಂಪಿಯರ್ ಕುಡಿಯುತ್ತಿದ್ದರೂ 35 ಆಂಪಿಯರ್-ಅವರ್‌ನ ಬ್ಯಾಟರಿ ಒಂದೂವರೆ ದಿನದಲ್ಲಿ ಮಲಗುತ್ತದೆ. ಮೀಟರನ್ನು ಸರಣಿಯಲ್ಲಿ ಜೋಡಿಸಿ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಗೆ ನಾವು ದುಡ್ಡು ಕೊಡುವುದಿಲ್ಲ. ಹೊಸ ಬ್ಯಾಟರಿಗೆ ಕೊಡುತ್ತೇವೆ, ಹಳೆಯದನ್ನು ಸೀಸದ ಬೆಲೆಗೆ ಎಲೆಕ್ಟ್ರಿಷಿಯನ್‌ಗೇ ಬಿಟ್ಟುಬರುತ್ತೇವೆ.