ಅಲರ್ಜಿ ತಾರದ ನಾಯಿ ಎಂಬ ಮಾತು

ರಾಯಚೂರು ಜಿಲ್ಲೆಯ ನೀರಮಾನ್ವಿಯಂಥ ಹಳ್ಳಿಗಳಲ್ಲಿ ನಾಯಿಯ ಜಾಗ ತಲಬಾಗಿಲ ಹೊರಗೆ: ಕಟ್ಟೆಯ ಮೇಲೆ, ಹೊಲದಲ್ಲಿ, ಕುರಿಗಳ ಬಳಿ. ರಾಯಚೂರಿನಂಥ ಪೇಟೆಗಳಲ್ಲಿ ಅದು ಒಳಗೆ ಬಂದಿದೆ. ಬಿಸಿಲಿಗೆ ಕಿಟಕಿ ಮುಚ್ಚಿ ಎ.ಸಿ. ಹಾಕಿದ ಕೋಣೆಯಲ್ಲಿ, ಮಕ್ಕಳ ಹಾಸಿಗೆಯಲ್ಲೇ ಮಲಗುತ್ತದೆ. ಮನೆಯಲ್ಲಿ ದಮ್ಮು (ಆಸ್ತಮಾ) ಇರುವ ಮಗುವಿದ್ದರೆ, ‘ಇದರ ಕೂದಲು ಉದುರುವುದಿಲ್ಲ, ಅಲರ್ಜಿ ಬಾರದು’ ಎಂಬ ಭರವಸೆಯ ಮೇಲೆ ಪೂಡಲ್ ಜಾತಿಯ ಮರಿ ತರುವ ರೂಢಿಯೂ ಬೆಳೆದಿದೆ.

ಈ ಭರವಸೆಗೆ ಆಧಾರವಿಲ್ಲ. ಅಲರ್ಜಿ ತರುವುದು ಕೂದಲಲ್ಲ, ನಾಯಿಯ ಜೊಲ್ಲು, ಚರ್ಮದ ಹೊಟ್ಟು ಮತ್ತು ಮೂತ್ರದಲ್ಲಿರುವ ಪ್ರೋಟೀನುಗಳು. ಅವುಗಳಲ್ಲಿ ಮುಖ್ಯವಾದದ್ದು ‘ಕ್ಯಾನ್ ಎಫ್ 1’. ಗಂಡುನಾಯಿಯ ಮೂತ್ರದಲ್ಲಿ ‘ಕ್ಯಾನ್ ಎಫ್ 5’ ಇರುತ್ತದೆ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ‘ಅಲರ್ಜಿರಹಿತ’ ತಳಿಗಳಿದ್ದ ಮನೆಗಳ ದೂಳನ್ನು ಅಳೆದಾಗ, ಬೇರೆ ತಳಿಗಳ ಮನೆಗಳಿಗಿಂತ ಕ್ಯಾನ್ ಎಫ್ 1 ಕಡಿಮೆ ಇರಲಿಲ್ಲ.

ಈ ಪ್ರೋಟೀನುಗಳಿರುವ ಸಣ್ಣ ಕಣಗಳು ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತವೆ, ಉಳಿದವು ಹಾಸಿಗೆ, ಪರದೆ, ಜಮಖಾನೆಯಲ್ಲಿ ಕೂರುತ್ತವೆ. ಒಣ ಕಸಬರಿಗೆ ಆಡಿಸಿದರೆ ಕೂತದ್ದೂ ಮತ್ತೆ ಏಳುತ್ತದೆ. ಬಟ್ಟೆಗಂಟಿ ನಾಯಿಯಿಲ್ಲದ ಮನೆ, ಶಾಲೆಗಳಿಗೂ ಹೋಗುತ್ತವೆ. ನಾಯಿಯನ್ನು ಕಳಿಸಿಬಿಟ್ಟರೂ ದೂಳಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲವು.

ಹಾಗೆಂದು ಎಲ್ಲ ತಪ್ಪನ್ನೂ ನಾಯಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಬೆಂಗಳೂರಿನ ಮಕ್ಕಳಲ್ಲಿ ನಡೆಸಿದ ಅಧ್ಯಯನದಲ್ಲಿ ಆಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5ಕ್ಕೆ ಏರಿತ್ತು. ಇಷ್ಟು ಏರಿಕೆಗೆ ನಾಯಿಯೊಂದೇ ಕಾರಣವಾಗಲಾರದು. ಹಳ್ಳಿಯ ಮನೆಯಲ್ಲೂ ದೂಳಿನ ಹುಳ, ಒಲೆಯ ಹೊಗೆ, ಹೂವಿನ ಪರಾಗ ಇವೆ. ಸ್ವೀಡನ್ನಿನ 2015ರ ದೊಡ್ಡ ಅಧ್ಯಯನದಲ್ಲಿ, ಹುಟ್ಟಿದ ಮೊದಲ ವರ್ಷ ನಾಯಿಯ ಜೊತೆ ಬೆಳೆದ ಮಕ್ಕಳಿಗೆ ಮುಂದೆ ಆಸ್ತಮಾ ಶೇ 13ರಷ್ಟು ಕಡಿಮೆ ಕಂಡಿತು. ಆದರೆ ಆ ಮಾತು ಈಗಾಗಲೇ ನಾಯಿಯ ಅಲರ್ಜಿ ಇರುವ ಮಗುವಿಗೆ ಸಲ್ಲದು.

ಆದ್ದರಿಂದ ಮೊದಲು ವೈದ್ಯರಲ್ಲಿ ಚರ್ಮದ ಪರೀಕ್ಷೆ ಮಾಡಿಸಿ, ಕಾರಣ ತಿಳಿಯಿರಿ. ನಾಯಿಯೇ ಕಾರಣವಾದರೆ ಮಲಗುವ ಕೋಣೆಗೆ ಅದನ್ನು ಬಿಡಬೇಡಿ, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ವಾರಕ್ಕೆ ಎರಡು ಸಲ ನಾಯಿಯ ಮೈ ತೊಳೆದರೆ ಅಲರ್ಜಿ ಕಣ ತಗ್ಗುತ್ತದೆ, ಬಿಟ್ಟರೆ ಬೇಗ ಮೊದಲಿನಂತಾಗುತ್ತದೆ. ಇಷ್ಟಾದರೂ ಉಬ್ಬಸ ನಿಲ್ಲದಿದ್ದರೆ ಮಗುವಿನ ಉಸಿರಿಗಾಗಿ ನಾಯಿಗೆ ಬೇರೆ ಮನೆ ಹುಡುಕಬೇಕಾದೀತು. ತಳಿಯ ಹೆಸರು ನಂಬಿ ಮಾತ್ರ ಮರಿ ಕೊಳ್ಳಬೇಡಿ. ಹಳ್ಳಿಯವರು ನಾಯಿಗೆ ಕೊಟ್ಟ ಹೊರಗಿನ ಜಾಗವೇ ದಮ್ಮಿನ ಮಗುವಿಗೆ ಹೆಚ್ಚು ಹಿತ.