ಮೆಂತ್ಯದ ಬೇರಿಗೆ ತಕ್ಕ ಜೊತೆ

ಅಕ್ಟೋಬರ್ ಕಾಲಿಟ್ಟಿತೆಂದರೆ ಕತಾರಿನ ಅಬು ಹಮೂರ್‌ನ ಕನ್ನಡದ ಮನೆಗಳಲ್ಲಿ ಬಾಲ್ಕನಿಯ ಟ್ರೇಗಳಿಗೆ ಮತ್ತೆ ಮಣ್ಣು ಬೀಳುತ್ತದೆ. ಬಿಸಿಲು ಇಳಿಯಲೆಂದು ಕಾದವರು ಮೊದಲು ಬಿತ್ತುವುದು ಮೆಂತ್ಯ. ಈಚೆಗೆ ಇದರ ಜೊತೆ ಜೀವಾಣು ಗೊಬ್ಬರದ ಮಾತೂ ಸೇರಿಕೊಂಡಿದೆ: ಬೀಜಕ್ಕೆ ಹಚ್ಚಿದರೆ ಬೇಗ ಮೊಳೆಯುತ್ತದೆ, ಹುಲುಸಾಗಿ ಬೆಳೆಯುತ್ತದೆ ಎಂದು. ಬೆಳವಣಿಗೆಯ ಮಾತು ನಿಜ. ಮೊಳಕೆಯ ಮಾತು ಮೆಂತ್ಯಕ್ಕೆ ಅನ್ವಯಿಸದು. ಮೊಳೆಯಲು ಬೇಕಾದ ಆಹಾರ ಬೀಜದೊಳಗೇ ಇರುತ್ತದೆ. ಹೊಸ ಮೆಂತ್ಯಕ್ಕೆ ಯಾರ ನೆರವೂ ಬೇಡ. ಬ್ಯಾಕ್ಟೀರಿಯಾದ ಕೆಲಸ ಶುರುವಾಗುವುದು ಎಳೆಬೇರು ಮಣ್ಣಿಗಿಳಿದ ಮೇಲೆ.

ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವಿದ್ದರೂ ಗಿಡ ಅದನ್ನು ನೇರವಾಗಿ ಹೀರಲಾರದು. ನಮ್ಮ ದಕ್ಷಿಣಕ್ಕೆ, ಮೆಸಾಯೀದ್‌ನಲ್ಲಿ, 1969ರಲ್ಲಿ ಸ್ಥಾಪನೆಯಾದ ಕಾಫ್ಕೋ ಕಾರ್ಖಾನೆ ಅದೇ ಸಾರಜನಕದಿಂದ ವರ್ಷಕ್ಕೆ 50 ಲಕ್ಷ ಟನ್ ಮೀರಿ ಯೂರಿಯಾ ತಯಾರಿಸುತ್ತದೆ. ಅದರ ಮೊದಲ ಹಂತವಾದ ಅಮೋನಿಯಾಕ್ಕೆ 400 ಡಿಗ್ರಿ ಶಾಖ, ವಾತಾವರಣದ ನೂರು ಪಟ್ಟಿಗೂ ಮೀರಿದ ಒತ್ತಡ ಬೇಕು. ಮೆಂತ್ಯ, ಅವರೆಯಂಥ ಗಿಡಗಳ ಬೇರಿನ ಗಂಟುಗಳಲ್ಲಿ ನೆಲೆಸುವ ರೈಜೋಬಿಯಂ ಕುಲದ ಬ್ಯಾಕ್ಟೀರಿಯಾಗಳು ಅದನ್ನೇ ಮಣ್ಣಿನ ತಂಪಿನಲ್ಲಿ, ಗಿಡ ಕೊಡುವ ಸಕ್ಕರೆಯ ಬಲದಿಂದ ಮಾಡಿ ಮುಗಿಸುತ್ತವೆ. 1888ರಲ್ಲಿ ಡಚ್ ವಿಜ್ಞಾನಿ ಬೈಯರಿಂಕ್ ಬೇರುಗಂಟಿನಿಂದ ಇವನ್ನು ಬೇರ್ಪಡಿಸಿ ಬೆಳೆಸಿದರು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ ಹಾಕುವ ನಮ್ಮ ರೈತರು ಈ ಉಪಕಾರವನ್ನು ಬೆಳೆಯಲ್ಲೇ ಕಂಡವರು.

ಆದರೆ ಎಲ್ಲ ಬೇರಿಗೂ ಒಂದೇ ಬ್ಯಾಕ್ಟೀರಿಯಾ ಒಗ್ಗುವುದಿಲ್ಲ, ಹೆಚ್ಚಿನವರು ಎಡವುವುದು ಇಲ್ಲಿಯೇ. ಅವರೆ, ಅಲಸಂದೆಗಳದ್ದು ಒಂದು ಗುಂಪು. ಮೆಂತ್ಯದ್ದು ಬೇರೆ, ಅದರ ಜೊತೆಗಾರ ಸೈನೋರೈಜೋಬಿಯಂ ಮೆಲಿಲೋಟಿ. ಅಲಸಂದೆಗೆಂದು ತಂದ ಪೊಟ್ಟಣವನ್ನು ಮೆಂತ್ಯಕ್ಕೆ ಹಚ್ಚಿ ಗಂಟು ಕಟ್ಟಲಿಲ್ಲವೆಂದರೆ ತಪ್ಪು ಪೊಟ್ಟಣದ್ದಲ್ಲ. ಕುದುರೆ ಮಸಾಲೆ ಸೊಪ್ಪಿನ ಜೊತೆಗಾರನೂ ಈ ಮೆಲಿಲೋಟಿಯೇ ಎಂಬುದು ನಮ್ಮ ಭಾಗ್ಯ. ಕತಾರಿನ ತೋಟಗಳಲ್ಲಿ ದನ, ಕುರಿ, ಒಂಟೆಗಳಿಗೆಂದು ಬೆಳೆಯುವ ಜತ್ ಅದೇ ಸೊಪ್ಪು. ಪರಿಚಯದ ತೋಟವಿದ್ದರೆ ಮಾಲೀಕರನ್ನು ಕೇಳಿ, ಆರೋಗ್ಯವಾದ ಜತ್ ಗಿಡದ ಬುಡದ ಮಣ್ಣನ್ನು ಒಂದು ಹಿಡಿ ತನ್ನಿ. ಊರಿನಿಂದ ಸೂಟ್‌ಕೇಸಿನಲ್ಲಿ ಏನನ್ನೂ ಹೊತ್ತು ತರುವ ಅಗತ್ಯವಿಲ್ಲ.

ಹಚ್ಚುವ ಕ್ರಮ ಸರಳ. ಕುದಿಸಿ ಆರಿಸಿದ ನೀರಿನಲ್ಲಿ ಬೆಲ್ಲ ಕರಗಿಸಿ ಬೀಜಕ್ಕೆ ತೆಳುವಾಗಿ ಸವರಿ, ಜರಡಿ ಹಿಡಿದ ಆ ಮಣ್ಣನ್ನು ಉದುರಿಸಿ ಹೊರಳಾಡಿಸಿ. ನೆರಳಿನಲ್ಲಿ ಕಾಗದದ ಮೇಲೆ ಆರಿಸಿ ಅದೇ ದಿನ ಬಿತ್ತಿ. ಬಿಸಿಲು ತಾಗಿದರೆ ಹಚ್ಚಿದ್ದೆಲ್ಲ ವ್ಯರ್ಥ. ಟ್ರೇಗೆ ಯೂರಿಯಾ, ಡಿಎಪಿ ಹಾಕಬೇಡಿ. ಸಾರಜನಕ ಸುಲಭವಾಗಿ ಸಿಕ್ಕರೆ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ.

ಇನ್ನು ತಾಳ್ಮೆ ಬೇಕು. ಗಂಟು ಕಟ್ಟಿ ಕೆಲಸಕ್ಕಿಳಿಯಲು ಎರಡು ಮೂರು ವಾರ ಹಿಡಿಯುತ್ತದೆ. ಹತ್ತೇ ದಿನಕ್ಕೆ ಕತ್ತರಿಸುವ ಎಳೆ ಮೆಂತ್ಯಕ್ಕೆ ಈ ಉಪಚಾರವೆಲ್ಲ ದಂಡ. ತಿಂಗಳು ಬಿಟ್ಟು ಒಂದು ಗಿಡ ಮೆಲ್ಲಗೆ ಎತ್ತಿ, ಬೇರನ್ನು ನೀರಿನಲ್ಲಿ ಅಲುಗಾಡಿಸಿ ನೋಡಿ: ಎಳ್ಳುಕಾಳಿನಷ್ಟು ಗಂಟುಗಳು ಅಂಟಿಕೊಂಡಿರುತ್ತವೆ. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಇರಬೇಕು. ಅದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಂಧು. ಆಮ್ಲಜನಕ ಸೋಕಿದರೆ ಕೆಡುವ ನೈಟ್ರೋಜಿನೇಸ್ ಕಿಣ್ವವನ್ನು ಕಾಯುವುದು ಇದೇ. ಒಳಗೆ ಬಿಳಿಯಾಗಿದ್ದರೆ ಗಂಟು ಕೆಲಸ ಮಾಡುತ್ತಿಲ್ಲ. ಹಸಿರಾಗಿದ್ದರೆ ಅದರ ಕಾಲ ಮುಗಿದಿದೆ. ಪೊಟ್ಟಣದ ಹೊಗಳಿಕೆಗಿಂತ ನಾನು ನಂಬುವುದು ಈ ಕೆಂಪನ್ನು.

ಟೊಮೆಟೊ, ಮೆಣಸಿನಕಾಯಿ, ಬದನೆಗೆ ಗಂಟೇ ಕಟ್ಟುವುದಿಲ್ಲ. ಅಲ್ಲಿ ಅಜೋಸ್ಪಿರಿಲಂ, ಅಜೋಟೋಬ್ಯಾಕ್ಟರ್ ಬೇಕು. ಅವು ಕೊಡುವ ಸಾರಜನಕ ಅಲ್ಪ. ಬೇರುಗೂದಲು ಹೆಚ್ಚಿಸುವ ಹಾರ್ಮೋನಿನದೇ ದೊಡ್ಡ ಪಾಲು, ಮೊಳಕೆಗೂ ಅದರಿಂದ ತುಸು ಚುರುಕು ಬಂದೀತು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಇಂಥ ತರಕಾರಿಗಳಿಗೆ ಒಳ್ಳೆಯದು.

ಏಪ್ರಿಲ್‌ನಲ್ಲಿ ಕೊನೆಯ ಮೆಂತ್ಯ ಕುಯ್ಯುವಾಗ ಬೇರು ಕೀಳದೆ ಬುಡದಲ್ಲಿ ಕತ್ತರಿಸಿ. ಟ್ರೇಯನ್ನು ಒಣಗಲು ಬಿಡದೆ ಮನೆಯೊಳಗೆ ತಂಪಿನಲ್ಲಿಡಿ. ಮುಂದಿನ ಬಿತ್ತನೆಗೆ ಜತ್ ಮಣ್ಣು ಹುಡುಕಿಕೊಂಡು ಹೋಗುವ ಕೆಲಸ ಬಹುಪಾಲು ತಪ್ಪುತ್ತದೆ.