ಪ್ರಗತಿಶೀಲ ಕಾದಂಬರಿಯೂ ಮಾರುಕಟ್ಟೆಯೂ

ಬಂಡವಾಳಶಾಹಿಯನ್ನು ಖಂಡಿಸುವ ಲೇಖಕನು ಆ ವ್ಯವಸ್ಥೆಯಲ್ಲಿಯೇ ಬಾಳಿ, ತನ್ನ ಗ್ರಂಥಗಳನ್ನು ಅದರ ಮಾರುಕಟ್ಟೆಯಲ್ಲಿಯೇ ವಿಕ್ರಯಿಸಿ ಜೀವಿಸುವುದು ಆತ್ಮವಂಚನೆಯಲ್ಲವೆ? ಕನ್ನಡದ ಪ್ರಗತಿಶೀಲ ಸಾಹಿತಿಗಳ ವಿಷಯದಲ್ಲಿ ಏಳುವ ಈ ಆಕ್ಷೇಪವು ಮೇಲ್ನೋಟಕ್ಕೆ ಬಲವಾಗಿ ತೋರಿದರೂ ವಿಮರ್ಶೆಗೆ ನಿಲ್ಲತಕ್ಕುದಲ್ಲ.

ತತ್ತ್ವಕ್ಕೂ ಅದನ್ನು ಪೋಷಿಸುವ ಧನಕ್ಕೂ ಇರುವ ವಿರೋಧವು ನಮ್ಮ ನಾಡಿಗೆ ಹೊಸದಲ್ಲ. ಶ್ರವಣಬೆಳಗೊಳದ ಸಮೀಪದ ಜಿನನಾಥಪುರದಲ್ಲಿ ಸುಮಾರು ೧೨೦೦ರಲ್ಲಿ ಶಾಂತಿನಾಥ ಬಸದಿಯನ್ನು ಕಟ್ಟಿಸಿದವನು ದಂಡನಾಯಕ ರೇಚಿಮಯ್ಯ. ಅಪರಿಗ್ರಹವನ್ನು ವ್ರತವಾಗಿ ಬೋಧಿಸುವ ಮತವು ಅಲ್ಲಿ ಅಧಿಕಾರಿಯ ಐಶ್ವರ್ಯದಿಂದಲೇ ನೆಲೆಯನ್ನು ಪಡೆಯಿತು. ಹೊರಗೋಡೆಯ ತುಂಬ ನರ್ತಕಿಯರು, ವಾದ್ಯಗಾರರು. ಗರ್ಭಗೃಹದಲ್ಲಿ ಸರ್ವವನ್ನೂ ತೊರೆದ ತೀರ್ಥಂಕರ. ದಾತೃವಿನ ಹಣದಿಂದ ತ್ಯಾಗತತ್ತ್ವವು ಸುಳ್ಳಾಗಲಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ನೋಡುಗನು ಒಳಕ್ಕೆ ಹೋಗುವನೊ, ಗೋಡೆಯ ಬಳಿಯಲ್ಲಿಯೇ ನಿಲ್ಲುವನೊ?

ಈ ಪ್ರಶ್ನೆಯನ್ನು ಅದೇ ಹಾಸನ ಸೀಮೆಯ ಅರಕಲಗೂಡಿನ ಹೆಸರನ್ನು ಹೊತ್ತ ಅ. ನ. ಕೃಷ್ಣರಾಯರ (೧೯೦೮–೧೯೭೧) ಕೃತಿಗಳಿಗೂ ಹಾಕಬಹುದು. ೧೯೩೬ರಲ್ಲಿ ಲಖನೌದಲ್ಲಿ ಪ್ರೇಮಚಂದರ ಅಧ್ಯಕ್ಷತೆಯಲ್ಲಿ ಸೇರಿದ ಅಖಿಲ ಭಾರತ ಪ್ರಗತಿಶೀಲ ಲೇಖಕರ ಸಮ್ಮೇಲನದ ಪ್ರೇರಣೆಯು ೧೯೪೦ರ ದಶಕದಲ್ಲಿ ಕನ್ನಡಕ್ಕೆ ಬಂದಾಗ ಅದರ ಮುಂದಾಳಾದವರು ಅವರು. ನೂರಕ್ಕೂ ಮಿಕ್ಕ ಕಾದಂಬರಿಗಳನ್ನು ಬರೆದು, ಲೇಖನಿಯನ್ನೇ ನಂಬಿ ಬಾಳಿದರು. ಅರಮನೆಯ ಆಶ್ರಯವನ್ನು ಬಿಟ್ಟು ಸಾಮಾನ್ಯ ಓದುಗನ ಕಾಸನ್ನು ನೆಚ್ಚಿದುದು ದೋಷವಲ್ಲ. ಅದು ಕನ್ನಡ ಸಾಹಿತ್ಯಕ್ಕಾದ ಲಾಭವೇ ಸರಿ.

ತೊಡಕಿರುವುದು ಕೃತಿಯ ಒಳಗೆ. 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಈ ಮೂರೂ ವೇಶ್ಯಾಸಮಸ್ಯೆಯನ್ನು ಕುರಿತವು. ಇವುಗಳ ಮೇಲೆ ಅಶ್ಲೀಲತೆಯ ಆರೋಪವು ಬಂದಾಗ ರಾಯರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಗ್ರಂಥದಲ್ಲಿ ಉತ್ತರವನ್ನು ಕೊಟ್ಟರು. ಆದರೆ ವಾದವು ನೀತಿಯ ಸುತ್ತಲೇ ಬೆಳೆದುದರಿಂದ ಮೂಲ ಪ್ರಶ್ನೆಯು ಮರೆಯಾಯಿತು. ಸ್ತ್ರೀದೇಹವು ಸರಕಾಗುವುದನ್ನು ಖಂಡಿಸುವ ಪುಸ್ತಕವೂ ಒಂದು ಸರಕು. ಅದರ ಗಿರಾಕಿಯನ್ನು ಸೆಳೆಯುವುದೂ ಬಹುಮಟ್ಟಿಗೆ ಅದೇ ವಸ್ತು. ಇಲ್ಲಿ ಹೊರಗೋಡೆಯು ಗರ್ಭಗೃಹವನ್ನು ಮರೆಸುವ ಅಪಾಯವುಂಟು. ಇದು ಲೇಖಕನ ಶೀಲದ ದೋಷವಲ್ಲ; ವಿಕ್ರಯದ ನಿಯಮವು ರಚನೆಯೊಳಕ್ಕೆ ನುಸುಳಿದುದರ ಫಲ.

ನಿರಂಜನರ 'ಚಿರಸ್ಮರಣೆ'ಯೂ (೧೯೫೫) ಬೆಲೆಗೆ ಮಾರಿದ ಪುಸ್ತಕವೇ. ಕಾಸರಗೋಡು ಸೀಮೆಯ ಕಯ್ಯೂರಿನಲ್ಲಿ ೧೯೪೧ರಲ್ಲಿ ನಡೆದ ರೈತರ ಹೋರಾಟವೂ, ೧೯೪೩ರ ಮಾರ್ಚಿ ೨೯ರಂದು ಕಣ್ಣೂರಿನ ಸೆರೆಮನೆಯಲ್ಲಿ ನಾಲ್ವರು ಗಲ್ಲಿಗೇರಿದುದೂ ಅದರ ವಸ್ತು. ಏಕಾಕಿಯಾದ ನಾಯಕನೊಬ್ಬನ ಸಾಹಸಕ್ಕೆ ಅಲ್ಲಿ ಪ್ರಾಧಾನ್ಯವಿಲ್ಲ. ಶಾಲೆಯ ಮಾಸ್ತರರಿಂದ ಅರಿವನ್ನು ಪಡೆದ ಹುಡುಗರು ಬೆಳೆದು ರೈತಸಂಘದಲ್ಲಿ ಒಂದಾಗುವುದೇ ಕಥೆಯ ನಡಿಗೆ. ಓದುಗನ ಕುತೂಹಲವು ಯಾವುದರ ಮೇಲೆ ನಿಲ್ಲುತ್ತದೆಯೋ ಲೇಖಕನ ತತ್ತ್ವವೂ ಅಲ್ಲಿಯೇ ಇದೆ. ಒಂದೇ ಮಾರುಕಟ್ಟೆಯಲ್ಲಿ ಮಾರಾಟವಾದರೂ ಎರಡು ಕೃತಿಗಳು ಅದಕ್ಕೆ ತೆತ್ತ ಸುಂಕವು ಒಂದೇ ಅಲ್ಲ.

ಆದುದರಿಂದ ಸಮತಾವಾದಿಯಾದ ಲೇಖಕನ ಪ್ರಾಮಾಣಿಕತೆಯನ್ನು ಅವನ ವರಮಾನದಿಂದ ಅಳೆಯುವುದು ವಿಮರ್ಶೆಯೆನಿಸದು. ವ್ಯವಸ್ಥೆಯ ಹೊರಗೆ ನಿಂತು ಬರೆಯುವ ಎಡೆಯು ಯಾರಿಗೂ ಇಲ್ಲ. ಕೊಳ್ಳುವವನ ರುಚಿಗೆ ಕೃತಿಯು ಎಲ್ಲಿ ಮಣಿಯಿತು, ಎಲ್ಲಿ ಆ ರುಚಿಯನ್ನೇ ತಿದ್ದಿತು ಎಂಬುದನ್ನು ಪುಟಪುಟವಾಗಿ ಪರೀಕ್ಷಿಸುವುದೇ ವಿಮರ್ಶಕನ ಕರ್ತವ್ಯ.